ಸರಳೆ ವರಸೆಗೆ ಹೆಸರುಂಟು, ತಮಟೆಯ ಗತ್ತಿಗೆ?

ಕೈಗೊಂದು ಪುಸ್ತಕ ಬಂದಿದೆ. ತಮಟೆ ಬಾರಿಸುವುದನ್ನು ಕಲಿಸುವ ಕೈಪಿಡಿ. ಕಾಗದ ಚೆನ್ನಾಗಿದೆ, ಅಚ್ಚು ಚೆನ್ನಾಗಿದೆ. ಒಳಗೆ ಇಪ್ಪತ್ತು ಚಿಲ್ಲರೆ ಗತ್ತುಗಳು, ಒಂದೊಂದಕ್ಕೂ ಬಾಯಿಲೆಕ್ಕ, ಕೋಲು ಹಿಡಿಯುವ ಕ್ರಮ, ಮೊಬೈಲಿನಲ್ಲಿ ನೋಡಿ ಕಲಿಯಲು ವಿಡಿಯೊ. ಲೇಖಕರ ಹೆಸರಿದೆ. ಮುನ್ನುಡಿ ಬರೆದವರ ಹೆಸರಿದೆ. ಬೆನ್ನುಡಿ ಬರೆದವರು, ಮುಖಪುಟ ಮಾಡಿದವರು, ಅಕ್ಷರ ಜೋಡಿಸಿದವರು, ಮುದ್ರಿಸಿದವರು, ಎಲ್ಲರ ಹೆಸರೂ ಇದೆ. ಕೃತಜ್ಞತೆಯ ಪುಟದ ಕಟ್ಟಕಡೆಯಲ್ಲಿ ಒಂದು ಸಾಲಿದೆ: ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆಯ ಕೆಲವು ಹುಡುಗರು ಸಹಕರಿಸಿದ್ದಾರಂತೆ.

ಯಾರು ಈ 'ಕೆಲವು ಹುಡುಗರು'? ಅದನ್ನು ಕೇಳುವುದಕ್ಕೇ ಈ ಲೇಖನ.

ಪುಸ್ತಕದ ಹೆಸರನ್ನಾಗಲಿ, ಬರೆದವರ, ಹೊರತಂದವರ ಹೆಸರನ್ನಾಗಲಿ ನಾನಿಲ್ಲಿ ಹೇಳುವುದಿಲ್ಲ. ಹೆದರಿಕೆ ಏನಿಲ್ಲ. ಒಂದು ಪುಸ್ತಕವನ್ನು ಪಂಚಾಯ್ತಿ ಕಟ್ಟೆಗೆ ಎಳೆದು ನಿಲ್ಲಿಸಿದರೆ, ಅದೇ ಕೆಲಸ ಮಾಡಿದ ಉಳಿದ ಪುಸ್ತಕಗಳು ಮೀಸೆ ತಿರುವಿಕೊಂಡು ಓಡಾಡುತ್ತವೆ. ನನಗೆ ಬೇಕಾಗಿರುವುದು ಒಬ್ಬ ಲೇಖಕರ ತಲೆ ಅಲ್ಲ. ಒಂದು ರೂಢಿ ಹೇಗೆ ಕೆಲಸ ಮಾಡುತ್ತದೆ ಅಂತ ನಾವೆಲ್ಲ ಕೂತು ನೋಡಬೇಕು. ಆ ರೂಢಿಯೊಳಗೆ ನಾನೂ ಇದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಬ್ಬ ಮೇಷ್ಟ್ರು. ಮೇಲೆ ಹೇಳಿದ ನಾಲ್ಕು ತಾಲೂಕು ಸೇರಿದರೆ ನಮ್ಮ ಶೈಕ್ಷಣಿಕ ಜಿಲ್ಲೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ ಇರಲಿ, ಸಿರಾ ಸೀಮೆಯ ಹಟ್ಟಿಗಳ ದೇವರೇಳುವುದಿರಲಿ, ಸಿದ್ಧರಬೆಟ್ಟದ ಕೆಳಗಿನ ಕೊರಟಗೆರೆಯ ಹಳ್ಳಿಗಳ ಮದುವೆ ಮೆರವಣಿಗೆ ಇರಲಿ, ತೆಲುಗೂ ಕನ್ನಡವೂ ಒಂದೇ ಬಾಯಲ್ಲಿ ಆಡುವ ಪಾವಗಡದ ಗಡಿಯ ಸಾವಿರಲಿ, ತಮಟೆ ಇಲ್ಲದೆ ಆಗುವುದಿಲ್ಲ, ಉರುಮೆ ಇಲ್ಲದೆ ಆಗುವುದಿಲ್ಲ. ಬಾರಿಸುವವರು ಕೇರಿಯವರು. ದೇವರು ಗುಡಿಯೊಳಗೆ, ಗುಡಿಯ ಹೊರಗೆ ತಮಟೆ. ಇದು ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಮೊದಲು ಪುಸ್ತಕದ ಒಳ್ಳೆಯ ಗುಣ ಹೇಳಿಬಿಡುತ್ತೇನೆ. ವಿಮರ್ಶೆ ಅಂದರೆ ಬೈಗುಳ ಅಂತ ತಿಳಿದವರಿಗೆ ನಮ್ಮ ಪತ್ರಿಕೆಯಲ್ಲಿ ಜಾಗ ಇರಬಾರದು. ಬಲಗೈಯ ಗಿಡ್ಡ ಕೋಲು ಎಲ್ಲಿ ಬೀಳಬೇಕು, ಎಡಗೈಯ ಉದ್ದನೆ ತೆಳು ಕಡ್ಡಿ ಎಲ್ಲಿ ಬೀಳಬೇಕು ಅಂತ ಈ ಪುಸ್ತಕ ಸ್ಪಷ್ಟವಾಗಿ ಹೇಳುತ್ತದೆ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಎಷ್ಟು ಕಾಯಿಸಬೇಕು, ಈಗಿನ ಪ್ಲಾಸ್ಟಿಕ್ ಹಾಳೆಯ ತಮಟೆಯಲ್ಲಿ ನಾದ ಯಾಕೆ ಬೇರೆಯಾಗುತ್ತದೆ ಎಂಬುದನ್ನೂ ಹೇಳುತ್ತದೆ. ಮೊದಲ ಪಾಠದಿಂದ ಹತ್ತನೇ ಪಾಠಕ್ಕೆ ಹೋಗುವ ಮೆಟ್ಟಿಲು ಸಲೀಸಾಗಿದೆ. ನಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳು ಅದನ್ನಿಟ್ಟುಕೊಂಡು ಒಂದು ವಾರದಲ್ಲಿ ಮೂರು ಗತ್ತು ಕಲಿತರು. ಅವರಲ್ಲಿ ಕೇರಿಯವರಲ್ಲದ ಮಕ್ಕಳೂ ಇದ್ದರು. ನಾನು ಹುಡುಗನಾಗಿದ್ದಾಗ ಮುಟ್ಟಿದರೆ ಮೈಲಿಗೆ ಅನ್ನುತ್ತಿದ್ದ ವಾದ್ಯವನ್ನು ಊರಿನ ಮಕ್ಕಳು ಎದೆಗೆ ಆನಿಸಿಕೊಂಡು ನಿಂತಿದ್ದನ್ನು ಕಂಡು ನನಗೂ ಸಂತೋಷವಾಯಿತು.

ಪುಸ್ತಕದ ತುಂಬ ಚಿತ್ರಗಳಿವೆ. ಎಲ್ಲ ಚಿತ್ರಗಳೂ ಮೊಣಕೈಗೆ ನಿಂತುಬಿಡುತ್ತವೆ. ಬರೀ ಕೈ ಇದೆ, ಮುಖ ಇಲ್ಲ. ಕಲಿಯುವವರಿಗೆ ಕೈ ಕಂಡರೆ ಸಾಕಲ್ಲ, ಮುಖ ಯಾಕೆ ಅಂತ ಕೇಳಬಹುದು. ಹೌದು. ಆದರೆ ಸಾವಿರ ವರ್ಷದಿಂದ ಈ ದೇಶಕ್ಕೆ ನಮ್ಮದು ಬರೀ ಕೈ ಕಂಡರೆ ಸಾಕಾಗಿದೆ. ಹೊಲದಲ್ಲಿ ಕೈ, ಚಪ್ಪಲಿಯಲ್ಲಿ ಕೈ, ಚಟ್ಟದ ಮುಂದೆ ಕೈ.

ಆ ಕೈಗಳನ್ನು ನಾನು ಬಲ್ಲೆ. ಒಂದು ಕೈಯ ಹೆಬ್ಬೆರಳಿನ ಉಗುರು ಇಟ್ಟಿಗೆ ಗೂಡಿನಲ್ಲಿ ಹೋಗಿದ್ದು. ಆ ಹುಡುಗ ನನ್ನ ಹಳೇ ವಿದ್ಯಾರ್ಥಿ. ಇನ್ನೊಂದು ಕೈ ಪಾವಗಡದ ಕಡೆಯ ಹುಡುಗನದು. ಅವರ ಊರ ಹೊಲಗಳ ಆಚೆಗೆ ಈಗ ಮೈಲಿಗಟ್ಟಲೆ ಸೋಲಾರ್ ಹಲಗೆಗಳು. ಅಲ್ಲಿ ಹುಲ್ಲು ಕೊಯ್ಯುವ, ಹಲಗೆ ತೊಳೆಯುವ ಕೂಲಿ ಅವನಿಗೆ. ಮೂರನೆಯವನು ಸಿರಾದಲ್ಲಿ ಬಿ.ಎ. ಓದುತ್ತಿದ್ದ. ಇವರ ಜೊತೆಗೆ ಒಬ್ಬ ಹುಡುಗಿಯೂ ಇದ್ದಳು. ಅವಳ ಕೈ ಪುಸ್ತಕದ ಯಾವ ಚಿತ್ರದಲ್ಲೂ ಇಲ್ಲ. ಇವರ ಹೆಸರನ್ನು ನಾನಿಲ್ಲಿ ಬರೆದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹತ್ತು ದಿನದ ಶಿಬಿರ. ಸಂಸ್ಥೆಯವರು ಬಂದರು, ಮೈಕು ತಂದರು, ಕ್ಯಾಮೆರಾ ತಂದರು. ಹುಡುಗರು ಬಾರಿಸಿದರು. ಪುಸ್ತಕದಲ್ಲಿ 'ಗತ್ತು 7, ಪಾರಂಪರಿಕ' ಅಂತ ಒಂದಿದೆ. ಶತಮಾನಗಳಿಂದ ಹರಿದು ಬಂದ ಗತ್ತು ಅಂತ ಅದರ ಕೆಳಗೆ ವಿವರಣೆ. ಅದನ್ನು ಓದಿ ನನಗೆ ನಗು ಬಂತು. ಆ ಗತ್ತು ಹುಟ್ಟಿದ ರಾತ್ರಿ ನಾನು ಅಲ್ಲೇ ಇದ್ದೆ. ಒಂದು ಜಾತ್ರೆಯಲ್ಲಿ ಪಾವಗಡದ ಹುಡುಗ ಉರುಮೆ ಹಿಡಿದಿದ್ದ. ಉರುಮೆ ಅಂದರೆ ನಡು ಸಣ್ಣದಾದ ಎರಡು ಮುಖದ ವಾದ್ಯ. ಒಂದು ಮುಖಕ್ಕೆ ಬಾಗಿದ ಕಡ್ಡಿಯಿಂದ ಉಜ್ಜಿದರೆ ಹುಲಿ ಗುರುಗುಟ್ಟಿದ ಹಾಗೆ ಸದ್ದು ಬರುತ್ತದೆ. ನನ್ನ ವಿದ್ಯಾರ್ಥಿ ಮದುವೆ ಬ್ಯಾಂಡಿನಲ್ಲಿ ಕೇಳಿದ ಒಂದು ಡ್ರಮ್ಮಿನ ಏಟನ್ನು ತಮಟೆಗೆ ಇಳಿಸಿಕೊಂಡಿದ್ದ. ಎರಡೂ ಹೊಂದುತ್ತಿರಲಿಲ್ಲ. ಜಗಳ ಆಯಿತು. ಕೊನೆಗೆ ಉರುಮೆಯವನು, 'ಅಣ್ಣ, ಮೂರನೇ ಏಟು ಬಿಟ್ಬಿಡು, ನನ್ ಉರುಮೆ ಉಸ್ರು ತಗಳ್ಳಿ' ಅಂದ. ಇವನು ಬಿಟ್ಟ. ಬಿಟ್ಟ ಜಾಗದಲ್ಲಿ ಉರುಮೆ ಗುರುಗುಟ್ಟಿತು. ಕುಣಿಯುತ್ತಿದ್ದವರು ಒಂದು ಕ್ಷಣ ಕಾಲು ಎತ್ತಿ ಹಾಗೇ ನಿಂತು ಆಮೇಲೆ ನೆಲಕ್ಕೆ ಬಿಟ್ಟರು. ಇದು ನಡೆದು ಇನ್ನೂ ಐದು ವರ್ಷ ಆಗಿಲ್ಲ. ಪುಸ್ತಕದ ಲೆಕ್ಕದಲ್ಲಿ ಅದು ಶತಮಾನಗಳ ಹಿಂದಿನದು, ಯಾರೂ ಮಾಡದೇ ಆದದ್ದು.

ಇನ್ನು ಬಾಯಿಲೆಕ್ಕ. ಏಟುಗಳನ್ನು ಅಕ್ಷರಕ್ಕೆ ಇಳಿಸುವುದು ಸಣ್ಣ ಕೆಲಸವಲ್ಲ. ಗಿಡ್ಡ ಕೋಲಿಗೆ ಒಂದು ಅಕ್ಷರ, ಉದ್ದ ಕಡ್ಡಿಗೆ ಒಂದು ಅಕ್ಷರ, ಎರಡೂ ಒಟ್ಟಿಗೆ ಬಿದ್ದರೆ ಒಂದು, ಅಂಚಿಗೆ ಬಿದ್ದರೆ ಒಂದು, ಬಿಟ್ಟ ಜಾಗಕ್ಕೆ ಒಂದು ಚುಕ್ಕೆ. ಇದನ್ನು ಆ ಹುಡುಗಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು. ಹೆಣ್ಣುಮಕ್ಕಳು ತಮಟೆ ಮುಟ್ಟಬಾರದು ಅಂತ ಮನೆಯಲ್ಲಿ ಬೈಯುತ್ತಿದ್ದರು, ಅದಕ್ಕೆ ಅವಳು ಮುಟ್ಟದೆ ಬರೆದುಕೊಂಡಳು. ಅಣ್ಣ ಬಾರಿಸುವಾಗ ಬಾಯಲ್ಲಿ ಹೇಳಿಕೊಂಡು, ತೊಡೆ ಮೇಲೆ ಬೆರಳಲ್ಲಿ ತಟ್ಟಿಕೊಂಡು ಬರೆದಳು. ಶಿಬಿರದ ಮೂರನೇ ದಿನ ನೋಟ್‌ಬುಕ್ಕು ಕೇಳಿ ತೆಗೆದುಕೊಂಡು ಹೋದರು. ಅಚ್ಚಾದ ಪುಟದಲ್ಲಿ ಅವಳ ಚುಕ್ಕೆಯೂ ಹಾಗೇ ಇದೆ, ಅವಳು ಅಂಚಿನ ಏಟಿಗೆ ಇಟ್ಟ ಅಕ್ಷರವೂ ಹಾಗೇ ಇದೆ. ಪುಸ್ತಕದಲ್ಲಿ ಅದಕ್ಕೆ 'ಲೇಖಕರು ರೂಪಿಸಿದ ಲಿಪಿಕ್ರಮ' ಅಂತ ಹೆಸರು. ಯಾವ ಗತ್ತು ಮೊದಲು, ಯಾವುದು ಆಮೇಲೆ ಎಂಬ ಪಾಠದ ಕ್ರಮವೂ ಅವಳ ನೋಟ್‌ಬುಕ್ಕಿನದೇ. ತಮ್ಮನಿಗೆ ಹೇಳಿಕೊಡುವಾಗ ಅವನ ಕೈ ಎಲ್ಲಿ ತೊಡರುತ್ತದೆ ಅಂತ ನೋಡಿ ಅವಳು ಮಾಡಿದ ಕ್ರಮ ಅದು.

ಹಾಗಾದರೆ ಲೆಕ್ಕ ಹಾಕಿ. ಗತ್ತು ಕಟ್ಟಿದವರು ಇವರು. ಬಾರಿಸಿದವರು ಇವರು. ಬರೆದವಳು ಇವಳು. ಪಾಠ ಜೋಡಿಸಿದವಳು ಇವಳು. ಲೇಖಕರು ಏನು ಮಾಡಿದರು? ಪೀಠಿಕೆ ಬರೆದರು. ಹುಡುಗರಿಗೆ ದಿನದ ಭತ್ಯೆ ಸಿಕ್ಕಿತು, ಊಟ ಸಿಕ್ಕಿತು, ಒಂದೊಂದು ಟೀ ಶರ್ಟು ಸಿಕ್ಕಿತು. ಟೀ ಶರ್ಟಿನ ಬೆನ್ನ ಮೇಲೆ ಸಂಸ್ಥೆಯ ಹೆಸರಿತ್ತು.

ಇಲ್ಲಿಗೆ ಒಂದು ಹೋಲಿಕೆ ಬೇಕು. ಪಟ್ಟಣದಲ್ಲಿ ಯಾವ ಮಗುವೇ ಸಂಗೀತದ ಪಾಠಕ್ಕೆ ಹೋಗಲಿ, ಮೊದಲ ದಿನ ಹೇಳಿಕೊಡುವುದು ಸರಳೆ ವರಸೆ. ಅದನ್ನು ಕ್ರಮಪಡಿಸಿದವರು ಪುರಂದರದಾಸರು ಅಂತ ಅದೇ ದಿನ ಹೇಳಿಕೊಡುತ್ತಾರೆ. ದಾಸರು ತೀರಿಕೊಂಡದ್ದು 1564ರಲ್ಲಿ. ನಾನೂರೈವತ್ತು ವರ್ಷಕ್ಕೂ ಮೇಲಾಗಿದೆ. ಸ ರಿ ಗ ಮ ಅಂತ ಏರಿ ಇಳಿಯುವ ಅಭ್ಯಾಸದ ಪಾಠ ಅದು, ಅದರಲ್ಲಿ ಒಂದು ಮಾತೂ ಇಲ್ಲ. ಅದಕ್ಕೂ ಕರ್ತೃ ಇದ್ದಾನೆ, ಅವನಿಗೆ 'ಕರ್ನಾಟಕ ಸಂಗೀತ ಪಿತಾಮಹ' ಎಂಬ ಬಿರುದೂ ಇದೆ. ಇರಲಿ, ಇರಬೇಕು, ಪಾಠ ಕಟ್ಟಿದವನಿಗೆ ಗೌರವ ಸಲ್ಲಬೇಕು. ನಾನು ಕೇಳುವುದು ಇಷ್ಟೆ: ನಾನೂರೈವತ್ತು ವರ್ಷದ ಹಿಂದಿನ ಒಬ್ಬರ ಹೆಸರು ನೆನಪಿಟ್ಟುಕೊಂಡ ಈ ನಾಡಿನ ವಿದ್ಯಾವಂತರಿಗೆ ಹೋದ ಬೇಸಿಗೆಯ ಶಿಬಿರದಲ್ಲಿ ಎದುರಿಗೇ ಕೂತಿದ್ದವರ ಹೆಸರು ಹೇಗೆ ಮರೆತುಹೋಯಿತು?

ಮರೆತದ್ದಲ್ಲ. ಅದಕ್ಕೊಂದು ಪದ ಇದೆ. ಆ ಪದ 'ಜಾನಪದ'. ಯಾರೋ ಒಬ್ಬರು ಕಟ್ಟಿದ್ದಲ್ಲ, ಜನಸಮೂಹ ಕಟ್ಟಿದ್ದು, ಕರ್ತೃ ಅಜ್ಞಾತ ಅಂತ ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟರು. ಕೇಳಲು ಬಹಳ ಉದಾರವಾದ ಮಾತು. ಆದರೆ ಅದು ಕೆಲಸ ಮಾಡುವ ರೀತಿ ನೋಡಿ. ಮೇಲಿನವನು ಹೊಸದು ಮಾಡಿದರೆ ಅದು ಸೃಷ್ಟಿ. ಕೇರಿಯ ಹುಡುಗ ಹೊಸದು ಮಾಡಿದರೆ ಅದು ಪರಂಪರೆ. ಅವನು ಮಾಡಿದ ಗಳಿಗೆಯಲ್ಲೇ ಅದು ಹಳೆಯದಾಗಿಬಿಡುತ್ತದೆ. ಅಜ್ಞಾತ ಕರ್ತೃ ಅನ್ನುತ್ತೀರಿ. ಕೇಳದೆ ಇದ್ದರೆ ಎಲ್ಲ ಕರ್ತೃವೂ ಅಜ್ಞಾತನೇ.

ಈ ರೂಢಿ ಇಂದಿನದಲ್ಲ. 'ಗರತಿಯ ಹಾಡು' 1931ರಲ್ಲಿ ಬಂತು. ಹಲಸಂಗಿ ಗೆಳೆಯರ ಸಂಗ್ರಹ. ಕನ್ನಡದ ಹೆಣ್ಣಿನ ಬಾಯಿಗೆ ಪುಸ್ತಕದೊಳಗೆ ಜಾಗ ಮಾಡಿಕೊಟ್ಟ ದೊಡ್ಡ ಕೆಲಸ, ಅದರ ಬೆಲೆಯನ್ನು ನಾನು ಇಳಿಸುವುದಿಲ್ಲ. ಆದರೆ ಸಂಗ್ರಹಿಸಿದವರು ಯಾರು ಅಂತ ಕೇಳಿ, ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಾರೆ. ಬೀಸುಕಲ್ಲಿನ ಮುಂದೆ ಕೂತು ಹಾಡಿದವರು ಯಾರು ಅಂತ ಕೇಳಿ, ಗರತಿ ಅನ್ನುತ್ತಾರೆ. ಗರತಿ ಅನ್ನುವುದು ಒಬ್ಬಳ ಹೆಸರೇ? ನಮ್ಮ ಸಿರಾ ಸೀಮೆಯಲ್ಲಿ ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದಿಕೊಂಡು ಜುಂಜಪ್ಪನ ಕತೆ ಹಾಡುತ್ತಾರೆ. ಜುಂಜಪ್ಪನ ಹೆಸರು ಎಲ್ಲರಿಗೂ ಗೊತ್ತು. ಗಣೆ ಊದಿ ರಾತ್ರಿ ಬೆಳಗು ಮಾಡಿದವರ ಹೆಸರು ಅವರ ಹಟ್ಟಿ ದಾಟಿ ಎಷ್ಟು ದೂರ ಬಂದಿದೆ?

ಬೇರೆ ದಾರಿ ಇಲ್ಲವೇ? ಇದೆ. ಚಿತ್ರದುರ್ಗ ಸೀಮೆಯ ಗೊಲ್ಲರ ಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದಾಗ ಅವು ಸಿರಿಯಜ್ಜಿಯ ಹಾಡುಗಳೆಂದೇ ನಾಡಿಗೆ ಗೊತ್ತಾದವು. ಅಕ್ಷರ ಬಾರದ ಆ ತಾಯಿಗೆ ಹಂಪಿ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಹಾಲಕ್ಕಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಅದೂ ತಮಟೆ ಬಾರಿಸಿದ್ದಕ್ಕೆ. ತಮಟೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ, ಅವನಿಗೊಂದು ಹೆಸರಿದೆ ಅಂತ ದೆಹಲಿಗೂ ಗೊತ್ತಾದ ದಿನ ಅದು. ಆದರೆ ಗಮನಿಸಿ, ಹೆಸರು ಬಂದದ್ದು ತಲೆ ನೆರೆತ ಮೇಲೆ. ನಮ್ಮ ಜನ ಮುದುಕರಾದರೆ ಕಲಾವಿದರು. ಹುಡುಗರಾಗಿದ್ದಾಗ 'ಕೆಲವು ಹುಡುಗರು'. ಹೊಸ ಗತ್ತು ಹುಟ್ಟುವುದು ಮಾತ್ರ ಈ ಹುಡುಗರ ತೋಳಿನಲ್ಲಿ.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಸ್ಪೇನ್ ದೇಶದ ದಕ್ಷಿಣದಲ್ಲಿ ಫ್ಲಮೆಂಕೊ ಅಂತ ಒಂದು ಸಂಗೀತ ಇದೆ. ಹಾಡು, ಕುಣಿತ, ಕೈಚಪ್ಪಾಳೆ, ಗಿಟಾರು. ಅದನ್ನು ಬೆಳೆಸಿದವರಲ್ಲಿ ಹಿತಾನೊ ಎಂಬ ಜಿಪ್ಸಿ ಜನ ಮುಖ್ಯರು. ಅವರ ಪೂರ್ವಿಕರು ಸಾವಿರ ವರ್ಷದ ಹಿಂದೆ ನಮ್ಮ ಕಡೆಯಿಂದಲೇ ಹೊರಟವರು ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅವರನ್ನೂ ಊರ ಹೊರಗೇ ಇಟ್ಟಿದ್ದರು. 1749ರಲ್ಲಿ ಅಲ್ಲಿನ ರಾಜಸತ್ತೆ ಸಾವಿರಾರು ಜಿಪ್ಸಿಗಳನ್ನು ಒಂದೇ ಸಲಕ್ಕೆ ಹಿಡಿದು ಸೆರೆಗೆ ಹಾಕಿತು. ಅದೇ ಜನರ ಉಸಿರಿರುವ ಸಂಗೀತಕ್ಕೆ 2010ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆ ಅಂತ ಮುದ್ರೆ ಒತ್ತಿತು. ಆ ಗಿಟಾರು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆ. 1902ರಲ್ಲಿ ರಫಾಯೆಲ್ ಮರಿನ್ ಎಂಬಾತ ಅದನ್ನು ಕಲಿಸುವ ಪುಸ್ತಕ ತಂದ. ಅಲ್ಲಿಂದ ಈಚೆಗೆ ಎಷ್ಟೋ ಕೈಪಿಡಿಗಳು ಬಂದಿವೆ. ಅಲ್ಲೂ ಒಬ್ಬನ ಬೆರಳು, ಇನ್ನೊಬ್ಬನ ಕಿವಿ, ಪುಸ್ತಕದ ಮೇಲೆ ಮೂರನೆಯವನ ಹೆಸರು ಬರುವ ಅಪಾಯ ಇದ್ದೇ ಇದೆ.

ಆದರೆ ಅವರಲ್ಲಿ ಒಂದು ಒಳ್ಳೆಯ ಅಭ್ಯಾಸ ಇದೆ. ಹಾಡಿನ ಎರಡು ಸಾಲಿನ ನಡುವೆ ಗಿಟಾರಿನವನು ಬಾರಿಸುವ ತುಂಡಿಗೆ ಫಲ್ಸೆತಾ ಅನ್ನುತ್ತಾರೆ. ನಮ್ಮ ಗತ್ತಿನ ಹಾಗೆ. ಬಲ್ಲವರು ಇದು ನಿನ್ಯೊ ರಿಕಾರ್ದೊನ ಫಲ್ಸೆತಾ, ಇದು ಸಾಬಿಕಾಸನದು ಅಂತ ಹೆಸರಿಟ್ಟು ಹೇಳುತ್ತಾರೆ. ಬಾಯಿಪಾಠದ ಸಂಗೀತದಲ್ಲಿ ಹೆಸರು ಉಳಿಯುವುದಿಲ್ಲ ಎನ್ನುವುದು ಹಾಗಾದರೆ ಸುಳ್ಳು. 1961ರಲ್ಲಿ ಇಬ್ಬರು ಅಣ್ಣತಮ್ಮಂದಿರ ಒಂದು ಧ್ವನಿಮುದ್ರಿಕೆ ಬಂತು. ಅದರ ಮೇಲಿದ್ದ ಹೆಸರಿನ ಅರ್ಥ 'ಅಲ್ಹೆಸಿರಾಸ್ ಊರಿನ ಪುಟ್ಟ ಹುಡುಗರು'. ನೋಡಿ, ಅಲ್ಲೂ 'ಹುಡುಗರು'! ಆದರೆ ಅದರಲ್ಲಿ ಗಿಟಾರು ಹಿಡಿದ, ಇನ್ನೂ ಮೀಸೆ ಮೂಡದ ಹುಡುಗ ಆಮೇಲೆ ಪಾಕೊ ದೆ ಲೂಸಿಯಾ ಅಂತ ಜಗತ್ತಿಗೆ ಗೊತ್ತಾದ. ಲೂಸಿಯಾ ಅವನ ತಾಯಿ. ಅವರ ಬೀದಿಯಲ್ಲಿ ಪಾಕೊಗಳು ಬಹಳ, ಅದಕ್ಕೆ ಇವನು ಲೂಸಿಯಾಳ ಪಾಕೊ. ನಮ್ಮ ಕೇರಿಯಲ್ಲಿ ಹನುಮಕ್ಕನ ಮಗ ಅನ್ನುವುದಿಲ್ಲವೇ, ಹಾಗೆ. ಕೇರಿಯ ಹೆಸರನ್ನೇ ಹೊತ್ತು ಅವನು ಲೋಕ ಸುತ್ತಿದ.

ಹೆಸರಿನ ಮಾತು ನಮಗೆ ಸ್ಪೇನಿನಿಂದ ಬರಬೇಕಾಗಿಲ್ಲ. ನಮ್ಮ ಶರಣರಲ್ಲಿ ಮಾದಾರ ಚೆನ್ನಯ್ಯನ ಅಂಕಿತ ನೋಡಿ. ಚರ್ಮದ ಕೆಲಸದ ಉಳಿ, ಕತ್ತಿ, ಅಡಿಗೂಟ ಅವನ ಅಂಕಿತದೊಳಗೇ ಇವೆ. ನಾನು ಮಾಡಿದ್ದು, ಈ ಕಸುಬಿನವನು ಮಾಡಿದ್ದು ಅಂತ ವಚನದ ಕೊನೆಯಲ್ಲಿ ಒತ್ತಿ ಹೇಳಿದ ಗುರುತು ಅದು. ಅಂಕಿತವನ್ನು ಭಕ್ತಿ ಅಂತ ಮಾತ್ರ ನಮಗೆ ಹೇಳಿಕೊಟ್ಟರು. ಅದು ರುಜು ಕೂಡ.

ಈಗ ಕಾನೂನಿನ ಮಾತು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಹಾಡುವವನಿಗೆ, ಬಾರಿಸುವವನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ಆ ಕಾಯ್ದೆ ಪ್ರದರ್ಶಕ ಅಂದರೆ ಯಾರು ಅಂತ ಪಟ್ಟಿ ಮಾಡುತ್ತದೆ. ನಟ, ಗಾಯಕ, ವಾದಕನ ಜೊತೆಗೆ ದೊಂಬರಾಟದವನು, ಹಾವಾಡಿಗ ಕೂಡ ಅದರಲ್ಲಿದ್ದಾರೆ. 2012ರಲ್ಲಿ 38ಎ, 38ಬಿ ಎಂಬ ಎರಡು ಕಲಂ ಸೇರಿದವು. ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಪ್ರದರ್ಶಕನಿಗೆ ಗೌರವಧನದ ಪಾಲು ಬರಬೇಕು ಎನ್ನುತ್ತದೆ ಮೊದಲನೆಯದು. ಈ ಪ್ರದರ್ಶನ ನನ್ನದು ಅಂತ ಗುರುತಿಸಿ ಎಂದು ಕೇಳುವ ಹಕ್ಕು ಅವನಿಗಿದೆ ಎನ್ನುತ್ತದೆ ಎರಡನೆಯದು. ಶಿಬಿರದಲ್ಲಿ ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಈ ಎರಡನೆಯ ಹಕ್ಕು ಪ್ರದರ್ಶಕನಲ್ಲೇ ಉಳಿಯುತ್ತದೆ. ಬರೀ ಬೋಧನೆಗಾಗಿ ಧ್ವನಿಮುದ್ರಣ ಮಾಡಿಕೊಳ್ಳುವುದಕ್ಕೆ 39ನೇ ಕಲಂನಲ್ಲಿ ವಿನಾಯಿತಿ ಇದೆ. ಶಿಬಿರದವರು ಅದನ್ನು ಮುಂದೆ ಹಿಡಿಯಬಹುದು. ಹಾಗಾದರೆ ಪುಸ್ತಕದ ಹಿಂದೆ ಬೆಲೆ ಯಾಕೆ ಅಚ್ಚಾಗಿದೆ?

ಅದೇ 2012ರ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವವನ ಹೆಸರನ್ನು ಎಲ್ಲೂ ಹಾಕದಿರುವುದು ಆ ಉದ್ಯಮದ ವಾಡಿಕೆಯಾಗಿದ್ದರೆ, ಅವನನ್ನು ಪ್ರದರ್ಶಕ ಅಂತ ಪರಿಗಣಿಸಬೇಕಾಗಿಲ್ಲ, ತನ್ನ ಮಾನಕ್ಕೆ ಕುಂದು ಬಂದಾಗ ಕೇಳುವ ಹಕ್ಕೊಂದನ್ನು ಬಿಟ್ಟು. ಅಂದರೆ ಹೆಸರು ಹಾಕುವ ವಾಡಿಕೆ ಇಲ್ಲದವನಿಗೆ ಹಕ್ಕೂ ಇಲ್ಲ. ಆ ವಾಡಿಕೆ ಮಾಡಿದವರು ಯಾರು? ಬಾವಿಗೆ ಬಿಡದಿರುವುದೂ ಒಂದು ಕಾಲಕ್ಕೆ ವಾಡಿಕೆಯೇ ಆಗಿತ್ತಲ್ಲ. ಅದಕ್ಕೇ ಹೇಳುವುದು ಗೆಳೆಯರೇ, ಕೃತಜ್ಞತೆಯ ಪುಟವನ್ನು ಮರ್ಯಾದೆಯ ಮಾತು ಅಂತ ತಿಳಿಯಬೇಡಿ. ಇವತ್ತು ಅಲ್ಲಿ ಹೆಸರಿಲ್ಲದವನಿಗೆ ನಾಳೆ ಕೋರ್ಟಿನಲ್ಲಿ ಬಾಯಿ ಇರುವುದಿಲ್ಲ.

ನನ್ನ ಮಾತಿಗೆ ಎದುರು ಮಾತುಗಳಿವೆ. ಎರಡನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ನಮ್ಮ ಎಡಪಂಥದ ಗೆಳೆಯರದು. ತಮಟೆ ಸಮುದಾಯದ ಸ್ವತ್ತು, ಅದರ ಮೇಲೆ ಒಬ್ಬೊಬ್ಬನ ಹೆಸರು ಕೆತ್ತುವುದು ಖಾಸಗಿ ಆಸ್ತಿಯ ಚಾಳಿ ಎನ್ನುತ್ತಾರೆ. ಒಪ್ಪೋಣ. ಪಾವಗಡದ ಹುಡುಗ ತನ್ನ ಮಾವನಿಂದ ಉರುಮೆ ಕಲಿತ, ಮಾವ ತನ್ನ ಅಪ್ಪನಿಂದ. ಯಾರೂ ಆಕಾಶದಿಂದ ಇಳಿದಿಲ್ಲ. ಹಾಗಿದ್ದರೆ ಆ ಸಾಲನ್ನೇ ಬರೆಯಿರಿ. ಇಂಥ ಊರಿನ ಇಂಥ ಕೇರಿ, ಇಂಥವರಿಂದ ಕಲಿತ ಇಂಥವನು ಇಷ್ಟು ಹೊಸದು ಸೇರಿಸಿದ ಅಂತ. ಸಮುದಾಯವನ್ನು ಬರೆಯುವ ರೀತಿ ಅದು. ಸಮುದಾಯದ ಸ್ವತ್ತು ಅಂದಮೇಲೆ ಪುಸ್ತಕದ ಮೇಲೆ ಲೇಖಕರೊಬ್ಬರ ಹೆಸರು ಯಾಕೆ ಉಳಿಯಿತು? ಎಲ್ಲರದೂ ಎನ್ನುವ ತತ್ವ ಕೇರಿಯ ಗಡಿಯಲ್ಲೇ ಯಾಕೆ ಮುಗಿದುಹೋಗುತ್ತದೆ?

ಎರಡನೆಯ ಮಾತು ಹುಡುಗರದೇ. ಇದಕ್ಕೆ ನನ್ನಲ್ಲಿ ಸಲೀಸಾದ ಉತ್ತರ ಇಲ್ಲ. ಬಿ.ಎ. ಓದುತ್ತಿದ್ದ ಹುಡುಗನಿಗೆ ಪುಸ್ತಕ ತೋರಿಸಿ, ನಿನ್ನ ಹೆಸರು ಹಾಕಿಲ್ಲವಲ್ಲೋ, ಕೇಳೋಣ ಬಾ ಅಂದೆ. 'ಬ್ಯಾಡ ಸಾ' ಅಂದ. 'ತುಮಕೂರಲ್ಲಿ ರೂಮು ಮಾಡ್ಕಂಡಿವ್ನಿ. ಓನರ್‌ಗೆ ನಾವ್ ಯಾರು ಅಂತ ಗೊತ್ತಿಲ್ಲ. ಊರಿನ್ ಹೆಸ್ರು, ನನ್ ಹೆಸ್ರು, ತಮಟೆ ಮೂರೂ ಒಂದೇ ಪುಟದಲ್ಲಿ ಬಂದ್ರೆ ನಾಳೀಕೆ ರೂಮ್ ಖಾಲಿ ಮಾಡು ಅಂತನೆ.' ನಾನು ಸುಮ್ಮನಾದೆ. ಹೆಸರು ಹಾಕದಿದ್ದರೆ ಕಳವು, ಹಾಕಿದರೆ ಬೀದಿ. ನಮ್ಮವರ ಪಾಲಿಗೆ ಹೆಸರು ಕೂಡ ಎರಡು ಬಾಯಿಯ ಕತ್ತಿ. ಈ ಲೇಖನದಲ್ಲಿ ಅವರ ಹೆಸರಿಲ್ಲದಿರುವುದು ಇದೇ ಕಾರಣಕ್ಕೆ. ಆದರೂ ಒಂದು ವ್ಯತ್ಯಾಸ ಇದೆ. ಕೇಳಿದ ಮೇಲೆ ಅವನು ಬೇಡ ಅಂದ. ಪುಸ್ತಕದವರು ಕೇಳಲೇ ಇಲ್ಲ. ಹೆಸರು ಬೇಡ ಅನ್ನುವ ಅಧಿಕಾರವೂ ಅವನದೇ. ಅದನ್ನು ಅವನ ಪರವಾಗಿ ಯಾರೂ ಚಲಾಯಿಸುವ ಹಾಗಿಲ್ಲ.

ಇನ್ನು ನಮ್ಮ ಮನೆಯ ಮಾತು. ತಮಟೆಯನ್ನು ಎಸೆಯಬೇಕೋ ಎತ್ತಿ ಹಿಡಿಯಬೇಕೋ ಅಂತ ನಮ್ಮ ಚಳವಳಿಯಲ್ಲಿ ವಾದ ನಡೆದಿದೆ. ಸತ್ತ ದನದ ಚರ್ಮ, ಬಿಟ್ಟಿ ಚಾಕರಿಯ ಗುರುತು, ಎಸೆದುಬಿಡಿ ಅಂದವರಿದ್ದರು. ಅದೇ ತಮಟೆಯನ್ನು ತಾಲೂಕು ಕಚೇರಿಯ ಮುಂದೆ ಬಾರಿಸಿ ಬಿಟ್ಟಿಯ ವಾದ್ಯವನ್ನು ಹಕ್ಕಿನ ವಾದ್ಯ ಮಾಡಿದವರೂ ನಾವೇ. ಎಪ್ಪತ್ತರ ದಶಕದಿಂದ ನಮ್ಮ ಹಾಡುಗಳು ಈ ತಮಟೆಯ ಮೇಲೇ ಊರೂರು ತಿರುಗಿದವು. ಈಗ ನಿಮ್ಮ ಹತ್ತಿರ ಇರುವ ಯಾವುದಾದರೂ ಹೋರಾಟದ ಹಾಡಿನ ಪುಸ್ತಕ ತೆಗೆಯಿರಿ. ಕವಿಯ ಹೆಸರಿದೆ, ಇರಬೇಕಾದ್ದೇ. ಆ ಹಾಡಿಗೆ ಮಟ್ಟು ಕಟ್ಟಿದ, ಗತ್ತು ಹೊಂದಿಸಿದ, ರಾತ್ರಿಯೆಲ್ಲ ಲಾರಿಯಲ್ಲಿ ನಿಂತು ಬಾರಿಸಿಕೊಂಡು ಬಂದ ಹುಡುಗರ ಹೆಸರು ಎಷ್ಟು ಪುಸ್ತಕದಲ್ಲಿದೆ? ನಾವೂ 'ಸಂಗಾತಿಗಳು' ಅಂದು ಮುಗಿಸಿಲ್ಲವೇ? ಸಂಸ್ಥೆಯವರ 'ಕೆಲವು ಹುಡುಗರು' ಎಂಬ ಮಾತಿಗೂ ನಮ್ಮ 'ಸಂಗಾತಿಗಳು' ಎಂಬ ಮಾತಿಗೂ ಪ್ರೀತಿಯಲ್ಲಿ ವ್ಯತ್ಯಾಸ ಇರಬಹುದು. ಲೆಕ್ಕದಲ್ಲಿ ಇಲ್ಲ.

ನಾನು ಒಳಗಿನವನೇ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರತಿಭಾ ಕಾರಂಜಿಗೆ ನಮ್ಮ ಶಾಲೆಯಿಂದ ಜಾನಪದ ನೃತ್ಯ ಹೋಯಿತು. ಮಕ್ಕಳಿಗೆ ತಮಟೆ ಹೇಳಿಕೊಟ್ಟವನು ಆ ಉಗುರು ಹೋದ ಹುಡುಗ. ಹದಿನೈದು ಸಂಜೆ ಗೂಡಿನ ಕೆಲಸ ಮುಗಿಸಿ, ಮೈಮೇಲಿನ ಕೆಂಪು ಧೂಳು ಹಾಗೇ ಇರುವಾಗಲೇ ಬಂದು ಹೇಳಿಕೊಟ್ಟ. ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಮಾರ್ಗದರ್ಶಕರು ಎಂಬ ಕಡೆ ನನ್ನ ಹೆಸರು ಬಂತು. ನನಗೆ ಕೋಲು ಹಿಡಿಯಲೂ ಬಾರದು. ನಾನು ಬಾಯಿ ಬಿಡಲಿಲ್ಲ. ಅವನು ಚಪ್ಪಾಳೆ ತಟ್ಟಿದ. ಈ ಪುಸ್ತಕ ಬಂದಮೇಲೆ ನನಗೆ ರಾತ್ರಿ ನಿದ್ದೆ ಕೆಡಿಸಿದ್ದು ಆ ಚಪ್ಪಾಳೆ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕ್ರಾಂತಿ ಏನೂ ಬೇಡ. ಪ್ರತಿ ಗತ್ತಿನ ಕೆಳಗೆ ನಾಲ್ಕು ಸಾಲು ಇರಲಿ: ಕಟ್ಟಿದವರು, ಕಲಿಸಿದವರು, ಊರು, ವರ್ಷ. ಬಾಯಿಲೆಕ್ಕ ಬರೆದವರ ಹೆಸರು ಲೇಖಕರ ಹೆಸರಿನ ಪಕ್ಕದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಬರಲಿ. ಪುಸ್ತಕಕ್ಕೆ ಬೆಲೆ ಇಟ್ಟಮೇಲೆ ಅದರಲ್ಲಿ ಪಾಲಿರಲಿ, ಭತ್ಯೆ ಬೇರೆ, ಪಾಲು ಬೇರೆ. ಅಚ್ಚಿಗೆ ಹೋಗುವ ಮುಂಚೆ ಕರಡನ್ನು ಕೇರಿಗೆ ತಂದು ಓದಿ ಹೇಳಲಿ. ಹೆಸರು ಬೇಡ ಅಂದವರ ಮಾತು ನಡೆಯಲಿ. ಹೊಸದನ್ನು ಹೊಸದು ಅಂತಲೇ ಬರೆಯಲಿ. ಮೇಷ್ಟ್ರುಗಳಿಗೆ ನನ್ನದೊಂದು ಮನವಿ: ನಿಮ್ಮ ಶಾಲೆಯ ಸ್ಪರ್ಧೆಗೆ ಕೇರಿಯ ಹುಡುಗರು ಬಂದು ಕಲಿಸಿದರೆ ಮಾರ್ಗದರ್ಶಕರ ಜಾಗದಲ್ಲಿ ಅವರ ಹೆಸರು ಬರೆದು ಕಳಿಸಿ. ಅದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಸಂಸ್ಥೆಯವರಿಗೆ ಪತ್ರ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬರುವ ತನಕ ಕಾಯುವುದು ಬೇಡ ಅಂತ ನಮ್ಮ ಶಾಲೆಯ ಗ್ರಂಥಾಲಯದ ಪ್ರತಿಯನ್ನು ಆ ಹುಡುಗಿಯ ಮುಂದೆ ಇಟ್ಟೆ. ಅವಳು ಪುಟ ತಿರುವಿ ಗತ್ತು 7ರ ಕೆಳಗಿದ್ದ 'ಪಾರಂಪರಿಕ' ಎಂಬ ಪದವನ್ನು ಪೆನ್ನಿನಿಂದ ಹೊಡೆದಳು. ಇಬ್ಬರು ಹುಡುಗರ ಹೆಸರು ಬರೆದು ಊರು, ವರ್ಷ ಹಾಕಿದಳು. ಬಿ.ಎ. ಹುಡುಗ ಕಟ್ಟಿದ ಗತ್ತಿನ ಕೆಳಗೆ, 'ಕಟ್ಟಿದವನು ಇದ್ದಾನೆ, ಹೆಸರು ಬೇಡ ಅಂದಿದ್ದಾನೆ' ಅಂತ ಬರೆದಳು. ಬಾಯಿಲೆಕ್ಕದ ಮೊದಲ ಪುಟದ ಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ತನ್ನ ಹೆಸರು ಬರೆದು, ಅದರ ಮುಂದೆ ಅವಳದೇ ಲಿಪಿಯ ಒಂದು ಚುಕ್ಕೆ ಇಟ್ಟಳು.